ತಲಕಾಡಿನ ಮರಳಿಗೆ: ದಯವಿಟ್ಟು ಅರ್ಜಿ ಹಾಕಿ

ಶ್ರೀ ಮರಳು ಅವರಿಗೆ,
ಕಾವೇರಿ ಎಡದಂಡೆ, ತಲಕಾಡು,
ತಿರುಮಕೂಡಲು ನರಸೀಪುರ ತಾಲ್ಲೂಕು, ಮೈಸೂರು ಜಿಲ್ಲೆ.

ವಿಷಯ: ಕಲಾ ನಿರ್ದೇಶಕರ ಹುದ್ದೆಗೆ ತಾವು ಅರ್ಜಿ ಸಲ್ಲಿಸಬೇಕೆಂದು ಕೋರಿ.

ಮಾನ್ಯರೇ,

ಮೊದಲಿಗೇ ಹೆಸರಿನ ತಕರಾರು. ತಮ್ಮನ್ನು ಮರಳು ಎನ್ನಬೇಕೋ ಮರುಳು ಎನ್ನಬೇಕೋ ಎಂದು ಯೋಚಿಸುತ್ತಾ ಒಂದು ಲೋಟ ಕಾಫಿ ಆರಿಹೋಯಿತು. ತಮ್ಮ ಮಡಿಲಲ್ಲೇ ಕೂತ ದೇವರನ್ನು ಊರವರು ಮರುಳೇಶ್ವರ ಅನ್ನುತ್ತಾರೆ, ಪುಸ್ತಕ ಓದಿದವರು ಸೈಕತೇಶ್ವರ ಅನ್ನುತ್ತಾರೆ. ಸೈಕತ ಅಂದರೂ ತಾವೇ. ಮರಳು ಎಂಬುದಕ್ಕೆ ಹಿಂತಿರುಗು ಎಂಬ ಅರ್ಥವೂ ಉಂಟು. ನಮ್ಮ ಕಡೆ ಹೋದದ್ದು ಮರಳಿ ಬರುವುದು ತಮ್ಮ ದಯೆ ಇದ್ದರೆ ಮಾತ್ರ. ಹಾಗಾಗಿ ಕಾಗದದಲ್ಲಿ ಮರಳು ಎಂದೇ ಬರೆದಿದ್ದೇನೆ.

ನಾಲ್ಕು ನೂರು ವರ್ಷದಿಂದ ಜನ ತಮ್ಮನ್ನು ಶಾಪ ಎಂದೇ ತಿಳಿದಿದ್ದಾರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದರು, ಸೋತ ದೊರೆಯ ಹೆಂಡತಿ ಅಲಮೇಲಮ್ಮ ಒಡವೆ ಗಂಟು ಕಟ್ಟಿಕೊಂಡು ಈ ಕಡೆ ಬಂದಳು, ಎದುರು ದಡದ ಮಾಲಂಗಿ ಮಡುವಿಗೆ ಹಾರುವ ಮುಂಚೆ ಬಾಯಿತುಂಬ ಬೈದಳು, ತಾವು ಬಂದಿರಿ. ಕಥೆ ಇಷ್ಟು. ವಿಜ್ಞಾನದವರು ಬೇರೆ ಹೇಳುತ್ತಾರೆ: ಮಾಧವಮಂತ್ರಿ ಕಟ್ಟೆ ಕಟ್ಟಿದ ಮೇಲೆ ನದಿಯ ಪಾತ್ರ ಬದಲಾಯಿತು, ಬಯಲಾದ ಮರಳನ್ನು ನೈಋತ್ಯ ಮಾರುತ ಊರಿನ ಮೇಲೆ ತೂರಿತು ಎಂದು. ನನಗೆ ಎರಡೂ ಒಪ್ಪಿಗೆಯೇ. ಯಾವ ಹುದ್ದೆಗಾದರೂ ಒಬ್ಬರ ಶಿಫಾರಸು ಬೇಕು, ಜೊತೆಗೆ ಗಾಳಿಯೂ ಬೇಕು.

ಈ ಹುದ್ದೆ ಏನೆಂದು ಹೇಳುತ್ತೇನೆ. ದೊಡ್ಡ ದೊಡ್ಡ ಬ್ಯಾಲೆ ಕಂಪನಿಗಳಲ್ಲಿ ಕಲಾ ನಿರ್ದೇಶಕ ಎಂಬ ಒಬ್ಬ ಮನುಷ್ಯ ಇರುತ್ತಾನೆ. ಅವನು ಕುಣಿಯಲೇಬೇಕೆಂದಿಲ್ಲ. ಕುಣಿತ ಕಟ್ಟಲೂ ಬೇಕಿಲ್ಲ. 1909ರಿಂದ ಇಪ್ಪತ್ತು ವರ್ಷ ಪ್ಯಾರಿಸ್ಸನ್ನು ಹುಚ್ಚೆಬ್ಬಿಸಿದ ರಷ್ಯನ್ ಬ್ಯಾಲೆ ಕಂಪನಿಯ ಡಿಯಾಗಿಲೆವ್ ಎರಡನ್ನೂ ಮಾಡಿದವನಲ್ಲ. ಅವನ ಕೆಲಸ ಆರಿಸುವುದು: ಈ ವರ್ಷ ಯಾವುದು ಆಡಬೇಕು, ಯಾವುದು ಪೆಟ್ಟಿಗೆ ಸೇರಬೇಕು, ಸಂಗೀತ ಯಾರದು, ಪರದೆ ಬರೆಯುವವರು ಯಾರು, ಯಾರಿಗೆ ಮುಂದಿನ ಸಾಲು, ಯಾರು ಹಿಂದೆ ಮರವಾಗಿ ನಿಲ್ಲಬೇಕು. ಕಂಪನಿಯ ಕೈಯಲ್ಲಿ ಯಾವಾಗಲೂ ಆಡಲು ಸಿದ್ಧವಾಗಿರುವ ಪ್ರಸಂಗಗಳ ರಾಶಿಗೆ ರೆಪರ್ಟರಿ ಅನ್ನುತ್ತಾರೆ. ಆ ರಾಶಿಯ ಮೇಲೆ ಕೂತು ಯಾವುದನ್ನು ಮುಚ್ಚಬೇಕು, ಯಾವುದನ್ನು ತೆರೆಯಬೇಕು ಎಂದು ತೀರ್ಮಾನಿಸುವವನೇ ಕಲಾ ನಿರ್ದೇಶಕ.

ಈ ಹುದ್ದೆಯ ವಿವರ ಓದಿದಾಗ ನನಗೆ ತಾವಲ್ಲದೆ ಇನ್ನಾರೂ ನೆನಪಾಗಲಿಲ್ಲ.

ತಮ್ಮ ಅನುಭವ ನೋಡಿ. ತಮ್ಮ ಅಡಿಯಲ್ಲಿ ಮೂವತ್ತಕ್ಕೂ ಹೆಚ್ಚು ದೇವಸ್ಥಾನಗಳಿವೆ ಎಂದು ಹಳೆಯ ಗೆಝೆಟಿಯರ್ ಬರೆದಿದೆ. ಅಷ್ಟು ದೊಡ್ಡ ರೆಪರ್ಟರಿ ಮೈಸೂರು ಸೀಮೆಯಲ್ಲಿ ಯಾವ ಕಂಪನಿಗಿತ್ತು? ವರ್ಷಕ್ಕೆ ಒಂಬತ್ತು ಹತ್ತು ಅಡಿ ಮುಂದೆ ಬಂದು ಜನರಿಂದ ಮನೆ ಬಿಡಿಸುತ್ತಿದ್ದಿರಿ ಎಂಬುದೂ ಅದರಲ್ಲೇ ಇದೆ. ಗಂಗರ ರಾಜಧಾನಿಯನ್ನು ಪೂರ್ತಿ ಪೆಟ್ಟಿಗೆಗೆ ಹಾಕಿದಿರಿ. ಚೋಳರನ್ನು ಸೋಲಿಸಿದ ಸಂಭ್ರಮಕ್ಕೆ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಕೀರ್ತಿನಾರಾಯಣನನ್ನು ಮರುಪ್ರದರ್ಶನಕ್ಕೆ ಬಿಟ್ಟುಕೊಟ್ಟಿರಿ. ಪುರಾತತ್ವ ಇಲಾಖೆಯವರು ಅದನ್ನು ಕಲ್ಲು ಕಲ್ಲಾಗಿ ಕಳಚಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ.

ಪಂಚಲಿಂಗ ದರ್ಶನವಂತೂ ತಮ್ಮ ಮೇರುಕೃತಿ. ಕಾರ್ತಿಕದ ಸೋಮವಾರ ಅಮಾವಾಸ್ಯೆ ಬಿದ್ದು, ನಕ್ಷತ್ರ ಯೋಗಗಳೂ ಕೂಡಿ ಬಂದರೆ ಮಾತ್ರ ಪರದೆ ಏಳುತ್ತದೆ. 2006, 2009, 2013, ಆಮೇಲೆ ಕೊರೊನಾ ನಡುವೆ 2020. ಮೂರು ವರ್ಷಕ್ಕೊಮ್ಮೆ, ನಾಲ್ಕು ವರ್ಷಕ್ಕೊಮ್ಮೆ, ಏಳು ವರ್ಷಕ್ಕೊಮ್ಮೆ. ವೈದ್ಯೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಅರ್ಕೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ: ತಾರಾಗಣ ಬದಲಾಗಿಲ್ಲ, ಕಥೆ ಬದಲಾಗಿಲ್ಲ, ವಿಮರ್ಶೆ ಇಲ್ಲ. ಲಕ್ಷಾಂತರ ಜನ ತಮ್ಮ ಮೇಲೆ ಚಪ್ಪಲಿ ಬಿಟ್ಟು ನಡೆದು ನೋಡಿ ಹೋಗುತ್ತಾರೆ. ಟಿಕೆಟ್ ಮಾರಾಟ ಎಷ್ಟಾಯಿತು ಎಂದು ಕೇಳದೆ ಪಂಚಾಂಗ ನೋಡಿ ನಾಟಕ ಆಡುವ ಧೈರ್ಯ ಜಗತ್ತಿನ ಯಾವ ಕಲಾ ನಿರ್ದೇಶಕನಿಗಿದೆ ಹೇಳಿ. ನ್ಯೂಯಾರ್ಕ್‌ನಲ್ಲಿ 1954ರಿಂದ ಡಿಸೆಂಬರ್ ಬಂದರೆ ಅದೇ ನಟ್‌ಕ್ರ್ಯಾಕರ್, ಅದೇ ಇಲಿರಾಜ, ಅದೇ ಮಕ್ಕಳು. ಆ ಒಂದು ತಿಂಗಳ ದುಡ್ಡಿನಲ್ಲೇ ಉಳಿದ ತಿಂಗಳ ಹೊಸ ಪ್ರಯೋಗ ನಡೆಯಬೇಕು.

ಹಾಗಂತ ಅವರನ್ನು ಹಗುರ ಮಾಡುತ್ತಿಲ್ಲ. ತಮ್ಮ ಶಾಖೆ ಅಲ್ಲಿಯೂ ಇದೆ ಎಂದು ಗೊತ್ತು. 1913ರಲ್ಲಿ ಡಿಯಾಗಿಲೆವ್ ಕಂಪನಿ ಪ್ಯಾರಿಸ್ಸಿನಲ್ಲಿ ವಸಂತೋತ್ಸವದ ಬಲಿಯ ಕಥೆಯನ್ನು ಆಡಿದಾಗ ಪ್ರೇಕ್ಷಕರು ಕೂಗಾಡಿ ಗಲಭೆ ಎಬ್ಬಿಸಿದರು. ಸ್ಟ್ರಾವಿನ್‌ಸ್ಕಿಯ ಸಂಗೀತ ಉಳಿಯಿತು, ನಿಜಿನ್‌ಸ್ಕಿಯ ಕುಣಿತವನ್ನು ಕೆಲವೇ ಪ್ರದರ್ಶನಗಳ ನಂತರ ತಾವು ಮುಚ್ಚಿದಿರಿ. ಅದನ್ನು ಚಿತ್ರ, ಟಿಪ್ಪಣಿ, ಮುದುಕರ ನೆನಪು ಎಲ್ಲ ಗುಡ್ಡೆ ಹಾಕಿ ಮತ್ತೆ ಕಟ್ಟಿ ನಿಲ್ಲಿಸಿದ್ದು 1987ರಲ್ಲಿ, ಅಮೆರಿಕದ ಜಾಫ್ರಿ ಕಂಪನಿಯವರು. ಎಪ್ಪತ್ತನಾಲ್ಕು ವರ್ಷ. ರಷ್ಯದವರು ಮಾತ್ರ ಸ್ವಲ್ಪ ಜಾಣರು. ಕಾಲು ಎಲ್ಲಿ, ಕೈ ಎಲ್ಲಿ ಎಂದು ಸ್ವರಲಿಪಿಯ ಹಾಗೆ ಬರೆದಿಡುವ ಒಂದು ಪದ್ಧತಿ ಮಾಡಿಕೊಂಡಿದ್ದರು. ಕ್ರಾಂತಿಯಾದ ಮೇಲೆ ಸೆರ್ಗೆಯೆವ್ ಎಂಬಾತ ಆ ಕಾಗದಗಳನ್ನು ಹೊತ್ತು ದೇಶ ಬಿಟ್ಟ. ಈಗ ಅವು ಹಾರ್ವರ್ಡ್‌ನಲ್ಲಿವೆ. 1890ರ ಸ್ಲೀಪಿಂಗ್ ಬ್ಯೂಟಿಯನ್ನು 1999ರಲ್ಲಿ ಪೀಟರ್ಸ್‌ಬರ್ಗ್‌ನವರು ಆ ಕಾಗದ ನೋಡಿಕೊಂಡೇ, ನಮ್ಮ ಕೀರ್ತಿನಾರಾಯಣನ ಕಲ್ಲು ಜೋಡಿಸಿದ ಹಾಗೆ, ಹೆಜ್ಜೆ ಹೆಜ್ಜೆ ಜೋಡಿಸಿದರು.

ಇನ್ನು ಹುದ್ದೆಯ ಅಪಾಯಗಳು. 2013ರ ಜನವರಿಯಲ್ಲಿ ಮಾಸ್ಕೋದ ಬೊಲ್ಶಾಯ್ ಬ್ಯಾಲೆಯ ಕಲಾ ನಿರ್ದೇಶಕನ ಮುಖಕ್ಕೆ ಆಸಿಡ್ ಎರಚಿದರು. ಮಾಡಿಸಿದವನು ಅದೇ ಕಂಪನಿಯ ನರ್ತಕ ಎಂದು ಕೋರ್ಟ್ ತೀರ್ಪು ಕೊಟ್ಟಿತು. ಪಾತ್ರ ಹಂಚುವ ಕುರ್ಚಿ ಅಂಥದು. ತಮ್ಮ ಮುಖಕ್ಕೆ ಏನು ಎರಚಿದರೂ ಇಂಗಿಹೋಗುತ್ತದೆ. ಇದು ಹೆಚ್ಚುವರಿ ಅರ್ಹತೆ.

ನಮ್ಮಲ್ಲಿ ಆಸಿಡ್ ಇಲ್ಲ, ಆದೇಶ ಇದೆ. 1989ರಲ್ಲಿ ಬಿ.ವಿ. ಕಾರಂತರನ್ನು ಕೂರಿಸಿ ಸರ್ಕಾರ ಮೈಸೂರಿನಲ್ಲಿ ರಂಗಾಯಣ ಆರಂಭಿಸಿದಾಗ ಕನ್ನಡಕ್ಕೆ ಸಂಬಳ ಕೊಡುವ ರೆಪರ್ಟರಿಯೊಂದು ಸಿಕ್ಕಿತು. ನಟರಿಗೆ ಬೆಳಗ್ಗೆ ಎದ್ದರೆ ನಟನೆಯೇ ಕೆಲಸ. 2010ರಲ್ಲಿ ಸಿ. ಬಸವಲಿಂಗಯ್ಯ ಅಲ್ಲೇ ಕುವೆಂಪು ಅವರ ಮಲೆಗಳಲ್ಲಿ ಮದುಮಗಳನ್ನು ರಾತ್ರಿಯಿಡೀ ಆಡಿಸಿದರು. ನಾನು ಕಂಬಳಿ ಹೊದ್ದು ಕೂತು ನೋಡಿದವನು, ಬೆಳಗಿನ ಜಾವ ಮೈಸೂರಿನ ಚಳಿಯೂ ಒಂದು ಪಾತ್ರವಾಗಿತ್ತು. ಅಂಥದ್ದು ಆಗುವುದು ಒಂದೇ ಮೇಳ ವರ್ಷಗಟ್ಟಲೆ ಒಟ್ಟಿಗೆ ಉಂಡು ಜಗಳವಾಡಿಕೊಂಡು ಇದ್ದರೆ ಮಾತ್ರ. ಆದರೆ ಬೆಂಗಳೂರಿನಲ್ಲಿ ಸರ್ಕಾರ ಬದಲಾಯಿತೆಂದರೆ ಅಕಾಡೆಮಿ, ಪ್ರಾಧಿಕಾರ, ರಂಗಾಯಣ ಎಲ್ಲ ಕುರ್ಚಿಗಳ ಕಾಲೂ ಒಟ್ಟಿಗೆ ಅಲುಗುತ್ತವೆ. ಗಾಳಿ ಬಂದಾಗ ತೂರಿಕೋ ಎಂದು ನಮ್ಮ ಹಿರಿಯರು ಹೇಳಿದ್ದು ಕಣದ ರಾಗಿಗೆ, ಈ ಕುರ್ಚಿಗಳಿಗಲ್ಲ ಅಂದುಕೊಂಡಿದ್ದೆ. ಗಾಳಿಯಲ್ಲೇ ಹುಟ್ಟಿ ಗಾಳಿಯಲ್ಲೇ ಬೆಳೆದು ನಾಲ್ಕು ಶತಮಾನ ಜಾಗ ಬಿಡದೆ ಕೂತ ತಮಗೆ ಇದೆಲ್ಲ ಲೆಕ್ಕವೇ?

ಬ್ಯಾಲೆ ಎಂಬ ಮಾತು ಕೇಳಿ ತಾವು ಗಾಬರಿಯಾಗಬೇಡಿ, ಅದು ನಮ್ಮ ಜನಕ್ಕೆ ಹಳೆಯದೇ. ಬೆಂಗಳೂರಿನ ಪ್ರಭಾತ್ ಕಲಾವಿದರು ಕಿಂದರಿಜೋಗಿ, ಪುಣ್ಯಕೋಟಿ, ಸಿಂಡ್ರೆಲಾಗಳನ್ನು ನೃತ್ಯರೂಪಕ ಮಾಡಿ ಊರೂರು ತಿರುಗಿದಾಗ ಪೋಸ್ಟರಿನಲ್ಲಿ ಬ್ಯಾಲೆ ಎಂದೇ ಇರುತ್ತಿತ್ತು. ಮಲ್ಲೇಶ್ವರದ ಮಾಯಾ ರಾವ್ ಮಾಸ್ಕೋಗೆ ಹೋಗಿ ನೃತ್ಯಸಂಯೋಜನೆಯನ್ನೇ ಒಂದು ಶಾಸ್ತ್ರವಾಗಿ ಕಲಿತು ಬಂದು, ಆ ವಿದ್ಯೆಗೇ ಒಂದು ಶಾಲೆ ತೆರೆದರು. ನನ್ನ ತಾಯಿಗೆ ಬ್ಯಾಲೆ ಎಂದರೆ ಪುಣ್ಯಕೋಟಿಯ ಹುಲಿ. ಆ ಹುಲಿ ಬಿದ್ದು ಸಾಯುವಾಗ ಪಕ್ಕದ ಸೀಟಿನವರು ಅತ್ತರಂತೆ. ಹಸು ಬದುಕಿತಲ್ಲ ಯಾಕಳುತ್ತೀರಿ ಎಂದು ಕೇಳಿದರೆ, ಹುಲಿ ಅಷ್ಟು ಚೆನ್ನಾಗಿ ಕುಣೀತು ಅಂದರಂತೆ.

ಈಗ ನನ್ನ ಪರಿಚಯ. ನಾನು ನಮ್ಮೂರ ಕುರುಕ್ಷೇತ್ರದಲ್ಲಿ ಸಹದೇವನ ಪಾತ್ರ ಮಾಡಿದವನು.

ತಮಗೆ ಮೈಕಿನ ಸದ್ದು ಹೊಳೆ ದಾಟಿ ಕೇಳಿಸಿರುತ್ತದೆ. ಸುಗ್ಗಿ ಮುಗಿದು ಜಾತ್ರೆ ಕಾಲ ಬಂತೆಂದರೆ ನರಸೀಪುರ, ನಂಜನಗೂಡು, ಆಚೆ ಮಂಡ್ಯದ ಹಳ್ಳಿಗಳವರೆಗೆ ಕುರುಕ್ಷೇತ್ರವೋ ಕುರುಕ್ಷೇತ್ರ. ಗುಬ್ಬಿ ವೀರಣ್ಣನವರ ಕಂಪನಿ 1930ರ ದಶಕದಲ್ಲಿ ನಿಜವಾದ ಆನೆ ಕುದುರೆಗಳನ್ನು ರಂಗದ ಮೇಲೆ ತಂದು ಆಡಿದ್ದೂ ಇದೇ ಕಥೆ. ಆನೆ ಹೋಯಿತು, ಕಂಪನಿಗಳು ಹೋದವು, ಕಥೆ ಹಳ್ಳಿಗೆ ಬಂದು ಕೂತಿತು. ಇಲ್ಲಿ ಕಲಾ ನಿರ್ದೇಶಕನಿಗೆ ಡ್ರಾಮಾ ಮೇಷ್ಟ್ರು ಎಂದು ಹೆಸರು. ಕೈಯಲ್ಲಿ ಹಾರ್ಮೋನಿಯಂ, ಬಾಯಲ್ಲಿ ಎಲೆಅಡಿಕೆ, ತಲೆಯೊಳಗೆ ಪೂರ್ತಿ ನಾಟಕ. ಮೂರು ತಿಂಗಳು ಶಾಲೆ ಜಗಲಿಯ ಮೇಲೆ ತಾಲೀಮು. ಕಂದ, ವೃತ್ತ, ರಂಗಗೀತೆಗಳನ್ನು ಓದು ಬಾರದವನ ಬಾಯಿಗೂ ಒಂದೊಂದೇ ಸಾಲು ಹಾಕಿ ಹಾಕಿ ತುಂಬಿಸುತ್ತಾರೆ. ನೊಟೇಶನ್ ಅಂದರೆ ಮೇಷ್ಟ್ರ ಕೆಮ್ಮು; ಶ್ರುತಿ ಬಿಟ್ಟರೆ ಕೆಮ್ಮುತ್ತಾರೆ.

ಜಗತ್ತಿನ ಎಲ್ಲ ಕಂಪನಿಗಳೂ ನಟನಿಗೆ ದುಡ್ಡು ಕೊಡುತ್ತವೆ. ನಮ್ಮಲ್ಲಿ ನಟನೇ ದುಡ್ಡು ಕೊಡುತ್ತಾನೆ. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು, ಕರ್ಣನಿಗೆ ಇಷ್ಟು ಎಂದು ಪಾತ್ರಕ್ಕೊಂದು ದರ. ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ಲೈಟು, ಹೊರಗಿನಿಂದ ಬರುವ ದ್ರೌಪದಿ ಉತ್ತರೆಯರ ಖರ್ಚು ಎಲ್ಲ ಅದರಲ್ಲೇ ಏಳಬೇಕು. ಕೃಷ್ಣ ಆಗಬೇಕೆನ್ನುವ ಮೂವರಿದ್ದರೆ ಮೇಷ್ಟ್ರು ತಲೆ ಕೆಡಿಸಿಕೊಳ್ಳುವುದಿಲ್ಲ. ಮೊದಲನೇ ಕೃಷ್ಣ, ಎರಡನೇ ಕೃಷ್ಣ, ಮೂರನೇ ಕೃಷ್ಣ ಎಂದು ದೃಶ್ಯ ಹಂಚುತ್ತಾರೆ. ಒಮ್ಮೆ ಶಯನ ದೃಶ್ಯದಲ್ಲಿ ಮಲಗಿದ ಕೃಷ್ಣ ಕಪ್ಪಗಿದ್ದ, ಸಂಧಾನಕ್ಕೆ ಹೋದ ಕೃಷ್ಣ ಕೆಂಪಗಿದ್ದ, ಗೀತೆ ಹೇಳಿದವನು ನಮ್ಮ ಹಾಲಿನ ಡೈರಿಯವನು. ಅವತಾರ ಪುರುಷ, ಏನು ಬೇಕಾದರೂ ಆಗುತ್ತಾನೆ ಎಂದು ಜನ ಶಿಳ್ಳೆ ಹಾಕಿದರು. ಬೊಲ್ಶಾಯ್‌ನವರಿಗೆ ಈ ಉಪಾಯ ಯಾರಾದರೂ ಮೊದಲೇ ಹೇಳಿಕೊಟ್ಟಿದ್ದರೆ ಆ ಆಸಿಡ್ ಉಳಿಯುತ್ತಿತ್ತು.

ನಾನು ಸಹದೇವನಾದ ವರ್ಷ ಮೊದಲನೇ ಕೃಷ್ಣನ ದರದಲ್ಲಿ ಒಂದು ಹಾಲು ಕೊಡುವ ಹಸು ಬರುತ್ತಿತ್ತು. ಸಹದೇವನ ದರ ಒಂದು ಕರು. ಸಹದೇವನಿಗೆ ಮುಂದೆ ಆಗುವುದೆಲ್ಲ ಗೊತ್ತು, ಆದರೆ ಯಾರೂ ಕೇಳದೆ ಹೇಳುವಂತಿಲ್ಲ ಎಂಬುದು ಕಥೆ. ಹಾಗಾಗಿ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ನನಗೆ ಎರಡು ಮಾತು. ಉಳಿದ ಹೊತ್ತು ಗದೆ ಹಿಡಿದ ಅಣ್ಣನ ಪಕ್ಕ ನಿಂತು ಎಲ್ಲ ತಿಳಿದ ಮುಖ ಮಾಡಬೇಕು. ನೋಟಿನ ಹಾರ ಹಾಕಲು ನನ್ನ ಹೆಂಡತಿಯ ತವರಿನಿಂದ ಒಬ್ಬರೇ ಬಂದಿದ್ದರು, ಅವರೂ ನಿದ್ದೆಗಣ್ಣಲ್ಲಿ ನಕುಲನಿಗೆ ಹಾಕಿಬಿಟ್ಟರು.

ನನ್ನ ಕರುವಿನ ವಿಷಯ ಬಿಡಿ. ತಮಗೆ ಹೇಳಬೇಕಾದ್ದು ಇದು: ಈ ಕುರುಕ್ಷೇತ್ರವನ್ನು ತಮ್ಮಿಂದ ಇದುವರೆಗೂ ಮುಚ್ಚಲಾಗಿಲ್ಲ. ಅದಕ್ಕೆ ಅನುದಾನ ಇಲ್ಲ, ನಿರ್ದೇಶನಾಲಯ ಇಲ್ಲ, ಪ್ರಶಸ್ತಿ ಇಲ್ಲ. ಮೈಸೂರಿನ ನನ್ನ ಸ್ನೇಹಿತರೊಬ್ಬರು ಅದನ್ನು ನಾಟಕ ಎಂದೇ ಒಪ್ಪುವುದಿಲ್ಲ. ಅವರು ಹೇಳುವುದರಲ್ಲಿ ಸತ್ಯವಿಲ್ಲದೆ ಇಲ್ಲ: ಗದ್ದಲ, ಕೀಬೋರ್ಡು, ಮಧ್ಯೆ ಬಂದು ಮೈಕು ಹಿಡಿಯುವ ರಾಜಕಾರಣಿ. ಆದರೆ ಪ್ರತಿ ವರ್ಷ ಯಾವನೋ ಒಬ್ಬ ಹಸು ಮಾರಿ ಕೃಷ್ಣನಾಗುತ್ತಾನೆ. ಜನ ದಿನಾ ತುಳಿಯುವ ದಾರಿಯಲ್ಲಿ ತಮ್ಮ ಗುಡ್ಡೆ ನಿಲ್ಲುವುದಿಲ್ಲ ಎಂಬುದು ತಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ತಾವು ಗೆದ್ದದ್ದು ಮೂಗೂರಿನಲ್ಲಿ.

ಇದೇ ತಾಲ್ಲೂಕಿನ ಮೂಗೂರು, ತ್ರಿಪುರಸುಂದರಿಯ ಊರು. ಮೈಸೂರಿನ ಭರತನಾಟ್ಯದಲ್ಲಿ ಮೂಗೂರು ಶೈಲಿ ಎಂದೇ ಒಂದಿತ್ತು, ಮೂಗೂರು ಜೇಜಮ್ಮನವರ ಹೆಸರು ಹೇಳಿ ಕಿವಿ ಮುಟ್ಟಿಕೊಳ್ಳುತ್ತಿದ್ದರು. ಅತ್ತ ಹಿಂದೊಮ್ಮೆ ಯೂರೋಪಿನ ಬ್ಯಾಲೆಯವರಿಗೆ ದೇವಸ್ಥಾನದ ನರ್ತಕಿಯ ಹುಚ್ಚು. 1838ರಲ್ಲಿ ದಕ್ಷಿಣದ ದೇವದಾಸಿಯರ ಒಂದು ಮೇಳವನ್ನು ಪ್ಯಾರಿಸ್ಸಿಗೆ ಕರೆದೊಯ್ದು ಕುಣಿಸಿದರು. ನೋಡಿ ಮರುಳಾದ ಕವಿ ಗೋತಿಯೆ ಆಮೇಲೆ ಜಿಸೆಲ್ ಬ್ಯಾಲೆಗೆ ಕಥೆ ಹೊಸೆದ, 1858ರಲ್ಲಿ ನಮ್ಮ ಶಕುಂತಲೆಯನ್ನೇ ಪ್ಯಾರಿಸ್ ಒಪೇರಾದ ರಂಗಕ್ಕೆ ಹತ್ತಿಸಿದ. ಬಸವಪ್ಪ ಶಾಸ್ತ್ರಿಗಳು ಅದೇ ಶಕುಂತಲೆಯನ್ನು ಮೈಸೂರಿನಲ್ಲಿ ಕನ್ನಡಕ್ಕೆ ತರುವ ಮುಂಚೆಯೇ ಅವಳು ಫ್ರಾನ್ಸಿನಲ್ಲಿ ಬೆರಳ ತುದಿಯ ಮೇಲೆ ನಿಂತಿದ್ದಳು. 1877ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಪೆಟಿಪಾ ಲಾ ಬಯಡೇರ್ ಕಟ್ಟಿದ. ಹಾವು ಕಚ್ಚಿ ಸಾಯುವ ದೇವದಾಸಿಯ ಕಥೆ. ಅದು ಇವತ್ತಿಗೂ ಲಂಡನ್, ಪ್ಯಾರಿಸ್, ಮಾಸ್ಕೋದ ರೆಪರ್ಟರಿಯಲ್ಲಿದೆ. ಇತ್ತ 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಗೆ ತೆರೆ ಎಳೆಯಿತು. ನಿಲ್ಲಿಸಬೇಕಾದ ಪದ್ಧತಿಯೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಹೆಂಗಸರ ಕಾಲಲ್ಲಿ, ಕಣ್ಣಲ್ಲಿ ಇದ್ದದ್ದನ್ನು ಎಲ್ಲಿ ಇಡಬೇಕು ಎಂದು ಆದೇಶದಲ್ಲಿ ಯಾರೂ ಬರೆಯಲಿಲ್ಲ. ಅರಮನೆಯ ನರ್ತಕಿ ಜಟ್ಟಿ ತಾಯಮ್ಮನವರದು ಶಿಷ್ಯೆ ವೆಂಕಟಲಕ್ಷಮ್ಮನವರ ಮೂಲಕ ಆಮೇಲೆ ಮೈಸೂರು ವಿಶ್ವವಿದ್ಯಾನಿಲಯಕ್ಕೂ ದಾಟಿತು. ಮೂಗೂರಿನದು ಹೆಚ್ಚಾಗಿ ಹೆಸರಾಗಿ ಉಳಿಯಿತು. ಹೊರಗಿನವರು ಊಹಿಸಿಕೊಂಡ ದೇವದಾಸಿಗೆ ಮೂರು ರಾಜಧಾನಿಗಳಲ್ಲಿ ಕಾಯಂ ಕೆಲಸ, ಇದ್ದವಳಿಗೆ ತಾವು. ಮೂಗೂರು ಜಾತ್ರೆಗೆ ಹೋದರೆ ಆರ್ಕೆಸ್ಟ್ರಾ ಇರುತ್ತದೆ, ತೇರು ಇರುತ್ತದೆ. ಜೇಜಮ್ಮನ ಹೆಜ್ಜೆ ಎಲ್ಲಿ ಎಂದು ಕೇಳಿದರೆ, ಯಾವ ಜೇಜಮ್ಮ, ಪಡಸಾಲೆ ಮನೆಯವರಾ ಅನ್ನುತ್ತಾರೆ.

ಅಷ್ಟು ಪರಿಪೂರ್ಣ ಕೆಲಸ, ಒಂದು ಬಕೆಟ್ ಮರಳೂ ಹಾಕದೆ. ಅದಕ್ಕೇ ತಮ್ಮನ್ನು ಬಿಟ್ಟರೆ ಈ ಹುದ್ದೆಗೆ ಬೇರೆಯವರಿಲ್ಲ ಎಂದದ್ದು.

ಒಬ್ಬರ ಆಕ್ಷೇಪಣೆ ಮಾತ್ರ ಬರಬಹುದು, ಮೊದಲೇ ತಿಳಿಸುವುದು ನನ್ನ ಧರ್ಮ. 1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿ ಪುಟ್ಟಲಕ್ಷ್ಮಿಯ ಮಗಳಾಗಿ ಒಬ್ಬ ನಾಗರತ್ನ ಹುಟ್ಟಿದಳು. ಕಪಿಲೆ ದಂಡೆಯ ಹುಡುಗಿ, ಮೈಸೂರು ದಾಟಿ ಬೆಂಗಳೂರು ನಾಗರತ್ನಮ್ಮ ಎಂದು ಹೆಸರಾಗಿ ಮದ್ರಾಸು ಸೇರಿದಳು. ಮುದ್ದುಪಳನಿ ಎಂಬ ತಂಜಾವೂರಿನ ಹಳೆಯ ಕವಯಿತ್ರಿಯ ತೆಲುಗು ಕಾವ್ಯವನ್ನು ಯಾರೋ ಕತ್ತರಿಸಿ ಅಚ್ಚು ಹಾಕಿದ್ದರು. ಈಕೆ ಮೂಲ ಹುಡುಕಿ ಒಂದು ಸಾಲೂ ಬಿಡದೆ 1910ರಲ್ಲಿ ಮತ್ತೆ ಅಚ್ಚು ಹಾಕಿಸಿದಳು. ಅಶ್ಲೀಲ ಎಂದು ಸರ್ಕಾರ ಮುಟ್ಟುಗೋಲು ಹಾಕಿತು. ಅದು ಹೊರಬರಲು ಸ್ವಾತಂತ್ರ್ಯವೇ ಬರಬೇಕಾಯಿತು. ಆಮೇಲೆ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳು ಬಿದ್ದಿದೆ ಎಂದು ಕೇಳಿ, ಹಾಡಿ ಗಳಿಸಿದ ದುಡ್ಡು ಸುರಿದು ಜಾಗ ಕೊಂಡು ಗುಡಿ ಕಟ್ಟಿಸಿದಳು. ಆರಾಧನೆಯಲ್ಲಿ ಹೆಂಗಸರು ಹಾಡುವಂತಿಲ್ಲ ಎಂದಾಗ ಹೆಂಗಸರದೇ ಆರಾಧನೆ ಶುರು ಮಾಡಿದಳು. 1952ರಲ್ಲಿ ತೀರಿಕೊಂಡ ಮೇಲೂ ಅಲ್ಲೇ ಕಲ್ಲಾಗಿ ಕೈಮುಗಿದು ಕೂತಿದ್ದಾಳೆ.

ತಮಗೆ ಭೂಗೋಳ ಹೇಳಿಕೊಡುವುದು ಅಧಿಕಪ್ರಸಂಗ. ಆದರೂ ನೋಡಿ: ನಂಜನಗೂಡಿನ ಕಪಿಲೆ ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ, ಸೇರಿದ ನೀರು ತಮ್ಮ ಪಾದ ತೊಳೆದು ತಿರುಗಿ ತಿರುವೈಯಾರಿಗೆ ಹೋಗುತ್ತದೆ. ಆ ಹೆಂಗಸು ಇದೇ ಹೊಳೆಯ ಕೆಳಗಿನ ತುದಿಯಲ್ಲಿ ಕೂತು ತಮ್ಮ ಕೆಲಸವನ್ನು ಉಲ್ಟಾ ಮಾಡಿದಳು. ಅವಳ ಕೈಯಲ್ಲಿ ಸಂಸ್ಥೆ ಇರಲಿಲ್ಲ, ಹುದ್ದೆ ಇರಲಿಲ್ಲ, ಮೂರು ವರ್ಷದ ಅವಧಿಯೂ ಇರಲಿಲ್ಲ. ಆಯ್ಕೆ ಸಮಿತಿಯವರು ಅವಳ ಹೆಸರು ಎತ್ತಿದರೆ, ಅರ್ಜಿದಾರರು ಮೃತರು ಎಂದು ಬರೆದು ಕಡತ ಮುಚ್ಚಿಸುವ ಜವಾಬ್ದಾರಿ ನನ್ನದು.

ಸಂದರ್ಶನ ಮೈಸೂರಿನಲ್ಲಿ. ತಲಕಾಡಿನಿಂದ ನಲವತ್ತೈದು ಕಿಲೋಮೀಟರ್. ಗೆಝೆಟಿಯರ್ ಕಾಲದ ವೇಗದಲ್ಲಿ ಹೊರಟರೂ ಸುಮಾರು ಹದಿನೈದು ಸಾವಿರ ವರ್ಷ ಹಿಡಿಯುತ್ತದೆ, ಅದೂ ಎದುರು ಗಾಳಿಗೆ. ಅರಣ್ಯ ಇಲಾಖೆಯವರು ತಮ್ಮ ಕಾಲಿಗೆ ನೀಲಗಿರಿ ಮರಗಳನ್ನು ಬೇರೆ ಕಟ್ಟಿದ್ದಾರೆ. ಅವಸರ ಬೇಡ. ಹುದ್ದೆ ಖಾಲಿ ಇರುತ್ತದೆ.

ಇಂತಿ ತಮ್ಮ ವಿಧೇಯ,
ಸಹದೇವ ಪಾತ್ರಧಾರಿ (ಎರಡು ಮಾತು)

ತಾಜಾ ಕಲಂ: ಈ ವರ್ಷ ಮೇಷ್ಟ್ರು ನನಗೆ ವಿದುರನ ಪಾತ್ರ ಕೊಡುತ್ತೇನೆ ಎಂದಿದ್ದಾರೆ. ಹನ್ನೊಂದು ಮಾತು, ಒಂದು ಕಂದ. ದರ ಒಂದೂವರೆ ಕರು. ಅವರ ಕೆಮ್ಮು ಈಚೆಗೆ ಶ್ರುತಿ ಸರಿ ಇದ್ದಾಗಲೂ ಬರುತ್ತಿದೆ. ಎಪ್ಪತ್ತೆರಡು ವರ್ಷವಾಯಿತು ಅವರಿಗೆ. ಪುಸ್ತಕ ಇದೆಯಾ ಮೇಷ್ಟ್ರೇ ಎಂದು ಕೇಳಿದೆ. ಇತ್ತು, ಯಾರೋ ಝೆರಾಕ್ಸ್ ಮಾಡಿಸುತ್ತೇನೆ ಎಂದು ತಗೊಂಡು ಹೋದರು ಅಂದರು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲೇ ಎಂದರೆ, ಮೊದಲು ಕಂದ ಸರಿಯಾಗಿ ಹೇಳು ಅಂದರು. ಸೋಮವಾರದಿಂದ ತಾಲೀಮು. ಹಸುವಿಗೆ ಗಿರಾಕಿ ಬಂದಿದ್ದಾರೆ, ಉಳಿದದ್ದು ಮುಂದಿನ ಪತ್ರದಲ್ಲಿ.